ಡೊಳ್ಳಿನ ಸುತ್ತ



ಭಾರತ ಹುಣ್ಣಿಮೆಗೆ ರಾಯಬಾಗ ತಾಲೂಕಿನ ಚಿಂಚಲಿಯ ಮಾಯಕ್ಕ ದೇವಿಯ ಜಾತ್ರೆಗೆ ಹೋಗಿ ಬಂದವರ ಬಟ್ಟೆಗೆ ಹತ್ತಿದ ಅರಿಶಿನದ ಭಂಡಾರ ಎಷ್ಟು ಒಗೆದರೂ ಬಿಡುವುದಿಲ್ಲ. ಸಾಂಗಲಿ, ಕೊಲ್ಹಾಪುರ ಕಡೆಯಿಂದಲೂ ಜನ ಚಕ್ಕಡಿ ಕಟ್ಟಿಕೊಂಡು ಬರುತ್ತಾರೆ. ಮಾಯಕ್ಕ ತಾನೂ ಬೇರೆ ಸೀಮೆಯಿಂದ ಬಂದು ಇಲ್ಲಿ ನೆಲೆನಿಂತವಳಂತೆ. ಅವಳ ಅಂಗಳದಲ್ಲಿ ನೀ ಕನ್ನಡದವನೋ, ಮರಾಠಿಯವನೋ ಎಂದು ಕೇಳುವವರಿಲ್ಲ. ‘ಚಾಂಗಭಲೋ’ ಎಂದು ಜಯಕಾರ ಹಾಕಿದರೆ ಸಾಕು.

ಅಲ್ಲಿ ಕುರುಬರು, ಧನಗರರು ಕುಣಿಯುವಾಗ ಅವರ ಕಾಲು ನೋಡಬೇಕು. ನಡುವೆ ಡೊಳ್ಳು, ಸುತ್ತ ರುಮಾಲು ಸುತ್ತಿದ ಗಂಡಸರು, ಕೈಯಲ್ಲಿ ಬಣ್ಣದ ವಸ್ತ್ರ. ಒಂದು ಹೆಜ್ಜೆ ಮುಂದೆ, ತುಸು ತಡೆದು ಮತ್ತೊಂದು. ಕುರಿಹಿಂಡಿನ ಹಿಂದೆ ನಡೆಯುವವನ ನಡಿಗೆಯೇ ಅದು ಎಂದು ನನಗೆ ಅನಿಸುತ್ತದೆ. ಕುದುರೆಯ ಮೇಲೆ ಗಂಟುಮೂಟೆ, ಎಳೆಮರಿ ಹೇರಿಕೊಂಡು, ಕಂಡವರ ಹೊಲದಲ್ಲಿ ಕುರಿ ತರುಬುತ್ತ ತಿಂಗಳುಗಟ್ಟಲೆ ಅಲೆದ ಕಾಲುಗಳು ಇಲ್ಲಿ ತಮ್ಮ ದಾರಿಯನ್ನೇ ಕುಣಿಯುತ್ತವೆ.

ಊರು ದೂರವಾದರೂ ಕುಣಿತವನ್ನು ಜೊತೆಗೆ ಒಯ್ದವರು ಬೇರೆ ಕಡೆಯೂ ಇದ್ದಾರೆ. 1937ರಲ್ಲಿ ಸ್ಟಾಲಿನ್ ಸರಕಾರ ಸೋವಿಯತ್ ನಾಡಿನ ಪೂರ್ವದಂಚಿನಲ್ಲಿದ್ದ ಸುಮಾರು 1,70,000 ಕೊರಿಯನ್ನರನ್ನು ರೈಲಿಗೆ ತುಂಬಿ ಕಜಕಸ್ತಾನ, ಉಜ್ಬೇಕಿಸ್ತಾನಗಳಿಗೆ ಸಾಗಿಸಿತು. 1932ರಲ್ಲಿ ವ್ಲಾದಿವೊಸ್ತೋಕ್‌ನಲ್ಲಿ ಹುಟ್ಟಿದ್ದ ಅವರ ನಾಟಕ ಮಂಡಳಿಯೂ ಜೊತೆಗೇ ಹೋಯಿತು. ಇಂದಿಗೂ ಕಜಕಸ್ತಾನದ ಅಲ್ಮಾಟಿಯಲ್ಲಿ ಅದು ನಡೆದಿದೆ. ಅಜ್ಜಂದಿರ ಊರು ಕಾಣದ ಮೊಮ್ಮಕ್ಕಳು ಅಲ್ಲಿ ಕೊರಿಯಾದ ಕುಣಿತ ಕುಣಿಯುತ್ತಾರೆ.

ಊರು ಬಿಟ್ಟು ಬಂದವರು ನಮ್ಮ ನಡುವೆಯೂ ಇದ್ದಾರೆ. ನಮ್ಮ ಜಾತ್ರೆಯ ಹೊತ್ತಿಗೆ ಅಥಣಿ, ಕಾಗವಾಡ, ಚಿಕ್ಕೋಡಿ ಕಡೆ ಕಬ್ಬಿನ ಹಂಗಾಮು. ಮಹಾರಾಷ್ಟ್ರದ ಬೀಡ ಜಿಲ್ಲೆಯಿಂದ ಕಬ್ಬು ಕಡಿಯಲು ಬಂದ ಗ್ಯಾಂಗಿನವರು ಬಯಲಲ್ಲಿ ಗುಡಿಸಲು ಹಾಕಿರುತ್ತಾರೆ. ಗಂಡ, ಹೆಂಡತಿ ಇಬ್ಬರೂ ಸೇರಿದರೆ ಲೆಕ್ಕಕ್ಕೆ ‘ಒಂದು ಕೊಯ್ತಾ’. ಕೈಯಲ್ಲಿರುವ ಕುಡಗೋಲಿನ ಹೆಸರೇ ಅವರ ಹೆಸರು! ಇದು ನನ್ನನ್ನು ಕಾಡುತ್ತದೆ. ಅವರ ಊರಲ್ಲೂ ದೇವರಿದೆ, ಹಾಡಿದೆ, ಕುಣಿತವಿದೆ. ನಮ್ಮ ಸಾಲಿಗಳ ಗ್ಯಾದರಿಂಗಿನಲ್ಲಿ ಆ ಗ್ಯಾಂಗಿನವರ ಮಕ್ಕಳಿಗೂ ಹತ್ತು ನಿಮಿಷ ಕೊಡೋಣ. ನಾವು ಕಲಿಸಿದ್ದು ಬೇಡ, ಅವರ ಅವ್ವ ಕಲಿಸಿದ್ದನ್ನೇ ಕುಣಿಯಲಿ.

ಒಂದು ಜಾತ್ರೆಯಲ್ಲಿ ಕುಣಿತದ ಅಂಚಿಗೆ ಅಂಥ ಹುಡುಗಿಯೊಬ್ಬಳು ನಿಂತಿದ್ದಳು. ಬಗಲಲ್ಲಿ ತಮ್ಮ, ಅಂಗೈ ತುಂಬ ಕಬ್ಬಿನ ರವದಿ ಕೊಯ್ದ ಗೀರು. ಡೊಳ್ಳಿನ ಪೆಟ್ಟಿಗೆ ಅವಳ ಹಿಮ್ಮಡಿ ತಾನಾಗಿ ಏಳುತ್ತಿತ್ತು. ಕುಣಿಯುತ್ತಿದ್ದ ಮುದುಕರೊಬ್ಬರು ಅದನ್ನು ಕಂಡು, ‘ಬಾರವ್ವಾ ತಂಗಿ’ ಎಂದು ತಮ್ಮ ಕೈವಸ್ತ್ರ ಚಾಚಿದರು. ಅವಳು ತಮ್ಮನನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು.