ಸಹಕಾರವೆಂಬ ಮಾವಿನ ಮರ

(ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಮಗ್ಗುಲಿನ ಗ್ರಾಮವೊಂದರಲ್ಲಿ, ಹಾಲು ಉತ್ಪಾದಕರ ಸಹಕಾರ ಸಂಘದ ಹೊಸ ಕಟ್ಟಡದ ಪ್ರಾರಂಭೋತ್ಸವದಂದು ದಯಪಾಲಿಸಿದ ಆಶೀರ್ವಚನ)



ಈ ದಿನ ಪ್ರಾತಃಕಾಲದ ಲಿಂಗಪೂಜೆಯನ್ನು ಪೂರೈಸಿಕೊಂಡು ನಿಮ್ಮ ಊರಿಗೆ ಬರುವಾಗ ದಾರಿಯಲ್ಲಿ ಎರಡು ನೋಟಗಳನ್ನು ಕಂಡೆವು. ರಸ್ತೆಯ ಒಂದು ಬದಿಗೆ ಕಾರ್ಖಾನೆಯ ಎತ್ತರದ ಗೋಡೆ; ಗೇಟಿನ ಮುಂದೆ ಪಾಳಿಗಾಗಿ ಕಾದು ನಿಂತ ಹುಡುಗರು. ಇನ್ನೊಂದು ಬದಿಗೆ ಕ್ಯಾನು ಹಿಡಿದು ಡೈರಿಗೆ ಹಾಲು ಹಾಕಲು ಹೊರಟ ತಾಯಂದಿರು. ಅವರಲ್ಲಿ ಒಬ್ಬ ತಾಯಿ ಕೈಮುಗಿದು, ಆ ಗೋಡೆಯ ಕಡೆ ಬೆರಳು ತೋರಿಸಿ, "ಅದು ನಮ್ಮ ರಾಗಿ ಹೊಲ ಆಗಿತ್ತು ಬುದ್ಧಿ. ಈಗ ನನ್ನ ಮಗ ಅಲ್ಲೇ ಕಂಟ್ರಾಕ್ಟ್ ಕೆಲಸಕ್ಕೆ ಹೋಗ್ತಾನೆ" ಎಂದಳು. ಆ ಮಾತಿನಲ್ಲಿ ಅಳುವೂ ಇರಲಿಲ್ಲ, ಸಂತೋಷವೂ ಇರಲಿಲ್ಲ. ಅದೇ ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸಿತು. ಇಂದಿನ ನಮ್ಮ ಮಾತೆಲ್ಲ ಆ ತಾಯಿಗೆ ಕೊಡಬೇಕಾದ ಉತ್ತರವೆಂದೇ ತಿಳಿಯಿರಿ.

ಕಾರ್ಖಾನೆ ಬೇಡವೆಂದು ಹೇಳಲು ನಾವು ಬಂದಿಲ್ಲ. ದುಡಿಮೆ ಎಲ್ಲಿದ್ದರೂ ಅದು ಕಾಯಕವೇ. ಆದರೆ ಹೊಲವಿದ್ದಾಗ ಆ ತಾಯಿ ಒಡತಿಯಾಗಿದ್ದಳು. ಈಗ ಅವಳ ಮಗ ಕೂಲಿಯಾಗಿದ್ದಾನೆ. ಹೊಲ ಹೋಯಿತು, ಪರಿಹಾರದ ಹಣ ಬಂತು. ಒಡೆತನ ಎಲ್ಲಿಗೆ ಹೋಯಿತು? ಅದನ್ನು ಮರಳಿ ಪಡೆಯುವ ದಾರಿ ಉಂಟೋ ಇಲ್ಲವೋ? ಉಂಟು ಎಂದು ನಾವು ಹೇಳುತ್ತೇವೆ. ಆ ದಾರಿಯ ಹೆಸರು ಸಹಕಾರ.

ಸಂಸ್ಕೃತದಲ್ಲಿ 'ಸಹಕಾರ' ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಕೂಡಿ ಮಾಡುವುದು ಎಂಬುದು ಒಂದು. ಇನ್ನೊಂದು, ಅತಿ ಸುವಾಸನೆಯುಳ್ಳ ಮಾವಿನ ಮರ. ಬಾಲ್ಯದಲ್ಲಿ ಪಾಠಶಾಲೆಯಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡುವಾಗ ಈ ಎರಡಕ್ಕೂ ಏನು ಸಂಬಂಧವೆಂದು ನಮಗೆ ತಿಳಿಯುತ್ತಿರಲಿಲ್ಲ. ಮಾವಿನ ಸೀಮೆಯಾದ ನಿಮ್ಮ ಕಡೆಗೆ ಬಂದ ಮೇಲೆ ತಿಳಿಯಿತು. ಮಾವಿನ ಸಸಿ ನೆಟ್ಟವನು ಮರುದಿನವೇ ಹಣ್ಣು ತಿನ್ನಲಾರ. ಹಲವು ವರ್ಷ ನೀರೆರೆಯಬೇಕು, ಬೇಲಿ ಕಟ್ಟಬೇಕು, ದನ ಬಾಯಿ ಹಾಕದಂತೆ ಕಾಯಬೇಕು. ಫಲ ಬರತೊಡಗಿದರೆ ಮಾತ್ರ ಮಕ್ಕಳೂ ಮೊಮ್ಮಕ್ಕಳೂ ತಿನ್ನುತ್ತಾರೆ. ಸಹಕಾರ ಸಂಘವೂ ಹಾಗೆಯೇ.

ನಮ್ಮ ಪ್ರಾಚೀನ ಧರ್ಮಶಾಸ್ತ್ರಗಳು ಹೇಳಿದ ಎಲ್ಲವನ್ನೂ ಶರಣರು ಒಪ್ಪಿದವರಲ್ಲ. ಮೇಲುಕೀಳಿನ ಮಾತನ್ನು ಅವರು ತಿರಸ್ಕರಿಸಿದರು. ಆದರೂ ಆ ಗ್ರಂಥಗಳಲ್ಲಿ ಗಮನಿಸತಕ್ಕ ಒಂದು ಸಂಗತಿಯುಂಟು. ಜನರ ನಡುವೆ ಹುಟ್ಟುವ ವ್ಯಾಜ್ಯಗಳನ್ನು ಹದಿನೆಂಟಾಗಿ ಎಣಿಸುವಾಗ ಮನುಸ್ಮೃತಿ ಮೊದಲು ಇಟ್ಟದ್ದು ಋಣಾದಾನವನ್ನು, ಅಂದರೆ ಸಾಲದ ವಿಷಯವನ್ನು. ಎರಡನೆಯದು ನಿಕ್ಷೇಪ, ಅಂದರೆ ನಂಬಿ ಇಟ್ಟ ಠೇವಣಿ. ನಾಲ್ಕನೆಯದು ಸಂಭೂಯ ಸಮುತ್ಥಾನ, ಅಂದರೆ ಹಲವರು ಕೂಡಿ ಮಾಡುವ ಉದ್ಯೋಗ. ಸಾಲ, ಠೇವಣಿ, ಕೂಡು ದುಡಿಮೆ: ಈ ಮೂರೂ ಕೂಡಿದರೆ ಸಹಕಾರ ಸಂಘವಾಯಿತಲ್ಲವೆ? ಜಗಳ ಹುಟ್ಟುವ ಜಾಗಗಳೂ ಇವೇ ಎಂದು ಹಿಂದಿನವರಿಗೆ ಗೊತ್ತಿತ್ತು. ಆದ್ದರಿಂದ ಇಲ್ಲಿ ಕಣ್ಣು ತೆರೆದಿರಬೇಕು.

ಈಗ ಒಂದು ವಿಷಯವನ್ನು ನಿಮ್ಮೆದುರು ಮುಚ್ಚಿಡದೆ ಹೇಳುತ್ತೇವೆ. ಅನೇಕ ವರ್ಷಗಳ ಹಿಂದೆ ಬೇರೊಂದು ಊರಿನಲ್ಲಿ ಪರಿಚಿತ ಭಕ್ತರೊಬ್ಬರು ಬಂದು, ಒಂದು ಖಾಸಗಿ ಫೈನಾನ್ಸ್ ಕಚೇರಿಗೆ ದೀಪ ಬೆಳಗಿಸಿಕೊಡಬೇಕೆಂದು ಬಿನ್ನವಿಸಿದರು. ಅದರ ಲೆಕ್ಕಪತ್ರ ಏನು, ಯಾರ ಹಣ, ಯಾವ ಲೈಸೆನ್ಸ್ ಎಂದು ನಾವು ಕೇಳಲಿಲ್ಲ. ಹೋದೆವು, ದೀಪ ಹಚ್ಚಿದೆವು, ಶುಭವಾಗಲೆಂದು ಹರಸಿದೆವು. ಬ್ಯಾಂಕು ಕೊಡುವುದಕ್ಕಿಂತ ಎರಡರಷ್ಟು ಬಡ್ಡಿ ಕೊಡುತ್ತೇವೆಂದು ಅವರು ಹೇಳುತ್ತಿದ್ದರಂತೆ. ಕೆಲವು ವರ್ಷಗಳಲ್ಲಿ ಬಾಗಿಲು ಮುಚ್ಚಿತು. ಒಂದು ದಿನ ಒಬ್ಬ ವೃದ್ಧೆ ಮಠಕ್ಕೆ ಬಂದಳು. ಜಮೀನಿನ ಪರಿಹಾರದ ಹಣವನ್ನೆಲ್ಲ ಅಲ್ಲಿ ಇಟ್ಟಿದ್ದಳು. ಬೈಯಲಿಲ್ಲ, ಅಳಲಿಲ್ಲ. "ನೀವು ದೀಪ ಹಚ್ಚಿದ್ರಿ ಅಂತ ಹಾಕಿದ್ದೆ ಬುದ್ಧಿ" ಎಂದಷ್ಟೇ ಹೇಳಿ, ಪ್ರಸಾದ ಸ್ವೀಕರಿಸಿ ಹೋದಳು. ಅಂದು ನಮಗೆ ಪ್ರಸಾದ ಸೇರಲಿಲ್ಲ. ಕಾವಿ ಬಟ್ಟೆಯನ್ನು ನೋಡಿ ಹಣ ಇಡಬಾರದು. ಕಾವಿ ಬಟ್ಟೆಯವರೂ ಲೆಕ್ಕ ನೋಡದೆ ದೀಪ ಹಚ್ಚಬಾರದು. ಇಂದು ನಿಮ್ಮ ಸಂಘದ ಲೆಕ್ಕಪರಿಶೋಧನೆಯ ವರದಿಯನ್ನು ಓದಿಸಿ ಕೇಳಿದ ಮೇಲೆಯೇ ಇಲ್ಲಿಗೆ ಬಂದೆವು. ಕಾರ್ಯದರ್ಶಿಗಳು ಬೇಸರಪಡಬಾರದು. ಆ ವೃದ್ಧೆಗೆ ನಾವು ತೀರಿಸಬೇಕಾದ ಋಣ ಅದು.

ಬಸವಣ್ಣನವರು ಕಲ್ಯಾಣದಲ್ಲಿ ಭಂಡಾರಿಯಾಗಿದ್ದರೆಂಬುದು ನಿಮಗೆಲ್ಲ ಗೊತ್ತು. ಭಂಡಾರದ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾರೆಂದು ಕೊಂಡೆಯರು ಬಿಜ್ಜಳನಿಗೆ ದೂರಿದರು. ಎಣಿಸಿ ನೋಡಿದಾಗ ಒಂದು ಹೊನ್ನೂ ಕಡಿಮೆಯಿರಲಿಲ್ಲವೆಂದು ಪುರಾಣ ಹೇಳುತ್ತದೆ. ಇದನ್ನು ಪವಾಡವೆಂದು ಮಾತ್ರ ಕೇಳಬೇಡಿ. ಅಪವಾದ ಬಂದಾಗ ಬಸವಣ್ಣನವರು ಭಂಡಾರದ ಬಾಗಿಲು ತೆರೆದು, ಎಣಿಸಿಕೊಳ್ಳಿ ಎಂದರು. ಸಾರ್ವಜನಿಕ ಹಣ ಕಾಯುವವನ ಧರ್ಮ ಅದು. ಎಣಿಸಲು ಬಿಡದವನು ಭಂಡಾರಿಯಲ್ಲ.

ನಮ್ಮ ನಾಡು ಈ ದಾರಿಯಲ್ಲಿ ಹಿಂದೆ ಬಿದ್ದ ನಾಡಲ್ಲ. ಸಹಕಾರ ಪತ್ತಿನ ಸಂಘಗಳ ಕಾಯಿದೆ ಬಂದದ್ದು 1904ರಲ್ಲಿ. ಮರು ವರ್ಷವೇ, 1905ರಲ್ಲಿ, ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಸಂಘ ಕಟ್ಟಿದರು. ಭಾರತದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಅದು ಹೆಸರಾಗಿದೆ. ಮೈಸೂರು ಬ್ಯಾಂಕು 1913ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಹುಟ್ಟಿತು. 1925ರಲ್ಲಿ ಉಡುಪಿಯಲ್ಲಿ, ಕಷ್ಟಕ್ಕೆ ಸಿಕ್ಕಿದ ನೇಕಾರರಿಗೆ ನೆರವಾಗಲೆಂದು ಹುಟ್ಟಿದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕಾಯಿತು. 1928ರಿಂದ ಅದರ ಪ್ರತಿನಿಧಿಗಳು ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಂತೆ ಪಿಗ್ಮಿ ಠೇವಣಿ ಸಂಗ್ರಹಿಸಿದರು. ಎರಡಾಣೆಯವರ ಹಣ ಸೇರಿ ದೊಡ್ಡ ಬ್ಯಾಂಕು! ಹನಿಗೂಡಿದರೆ ಹಳ್ಳ ಎಂಬುದು ಬರಿಯ ಗಾದೆಯಲ್ಲ.

ಆದರೂ ಖಾಸಗಿ ಬ್ಯಾಂಕುಗಳ ಸಾಲ ದೊಡ್ಡ ದೊಡ್ಡ ಉದ್ಯಮಿಗಳ ಮನೆಗೇ ಹೆಚ್ಚಾಗಿ ಹರಿಯುತ್ತಿತ್ತು. ರೈತನಿಗೆ ಸಾಹುಕಾರನೇ ಗತಿಯಾಗಿದ್ದ. 1969ರ ಜುಲೈ 19ರಂದು ಹದಿನಾಲ್ಕು ಬ್ಯಾಂಕುಗಳನ್ನೂ, 1980ರಲ್ಲಿ ಮತ್ತೆ ಆರನ್ನೂ ಸರ್ಕಾರ ವಹಿಸಿಕೊಂಡಿತು. 1975ರಿಂದ ಗ್ರಾಮೀಣ ಬ್ಯಾಂಕುಗಳು ಬಂದವು. ಬ್ಯಾಂಕಿನ ಮೆಟ್ಟಿಲನ್ನೇ ಕಾಣದ ಹಳ್ಳಿಯವರು ಪಾಸ್‌ಬುಕ್ ಹಿಡಿದದ್ದು ಆ ಕಾಲದಲ್ಲಿಯೇ. ಈಚಿನ ಸಂಗತಿಯನ್ನೂ ಮರೆಯಬಾರದು. ಮೈಸೂರು ಬ್ಯಾಂಕು 2017ರಲ್ಲಿ, ವಿಜಯ ಬ್ಯಾಂಕು 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ಲೀನವಾದವು. ನಮ್ಮ ನೆಲದಲ್ಲಿ ಹುಟ್ಟಿದ ಐದು ಸರ್ಕಾರಿ ಬ್ಯಾಂಕುಗಳಲ್ಲಿ ಕೆನರಾ ಒಂದೇ ತನ್ನ ಹೆಸರಿನಿಂದ ಉಳಿದಿದೆ. ಹೆಸರು ಹೋದರೂ ಹಣ ಸಾರ್ವಜನಿಕರದೇ ಆಗಿ ಉಳಿಯಿತು, ನಿಜ. ಆದರೆ ದೂರ ಹೋದ ಭಂಡಾರದ ಬಾಗಿಲು ಬಡಿಯುವುದು ಕಷ್ಟ. ಅದಕ್ಕೇ ಊರಿನ ಭಂಡಾರ ಬೇಕು.

ಕಂಪನಿಗೂ ಸಂಘಕ್ಕೂ ಭೇದವೇನು? ಕಂಪನಿಯಲ್ಲಿ ಹೆಚ್ಚು ಷೇರಿನವನಿಗೆ ಹೆಚ್ಚು ಓಟು. ಅಲ್ಲಿ ಹಣ ಮಾತಾಡುತ್ತದೆ. ಸಂಘದಲ್ಲಿ ಹತ್ತು ಹಸು ಇದ್ದವನಿಗೂ ಒಂದೇ ಓಟು, ಒಂದು ಹಸು ಇದ್ದ ತಾಯಿಗೂ ಒಂದೇ ಓಟು. ಅನುಭವ ಮಂಟಪದಲ್ಲಿ ದೊರೆಯ ಮಂತ್ರಿಯೂ ಸೌದೆ ಮಾರುವವನೂ ಸಮನಾಗಿ ಕುಳಿತರಲ್ಲ, ಆ ತತ್ತ್ವದ ಲೌಕಿಕ ರೂಪವೇ ಇದು. ನೀವು ಹಾಕಿದ ಹಾಲು ಒಕ್ಕೂಟಕ್ಕೆ ಹೋಗುತ್ತದೆ. ನಿಮ್ಮ ಕನಕಪುರದ ಶಿವನಹಳ್ಳಿಯಲ್ಲಿಯೇ ಅದರ ದೊಡ್ಡ ಡೈರಿಯಿದೆ. ಅಲ್ಲಿಂದ ನಂದಿನಿ ಎಂಬ ಹೆಸರಿನಲ್ಲಿ ಊರೂರಿಗೆ ಹರಡುತ್ತದೆ. ಆ ತಾಯಿ ಗೋಡೆಯ ಆಚೆ ಕೂಲಿಯ ತಾಯಿಯಾದರೂ, ಕ್ಯಾನು ಹಿಡಿದಾಗ ಅಂಥ ದೊಡ್ಡ ಸಂಸ್ಥೆಯ ಒಡತಿ. ಇದನ್ನು ಅವಳಿಗೆ ಯಾರೂ ಹೇಳಿಲ್ಲ. ನಾವು ಹೇಳುತ್ತೇವೆ: ತಾಯೀ, ನಿನ್ನ ಒಡೆತನ ಪೂರ್ತಿ ಹೋಗಿಲ್ಲ.

ಆದರೆ ಒಡೆಯರಿಗೆ ಹೊಣೆಯೂ ಉಂಟು. ಮಾವಿನ ಮರಕ್ಕೆ ಬದನಿಕೆ ಹತ್ತುತ್ತದೆ. ದೂರದಿಂದ ನೋಡಿದರೆ ಹಚ್ಚಗೇ ಕಾಣುತ್ತದೆ, ಒಳಗೆ ಮರದ ರಸ ಹೀರುತ್ತದೆ. ತನ್ನವರಿಗೇ ಸಾಲ ಕೊಡಿಸುವ ನಿರ್ದೇಶಕ, ಸಾಲ ತೀರಿಸದೆ ಚುನಾವಣೆಗೆ ಕಾಯುವ ಸದಸ್ಯ, ಹಾಲಿಗೆ ನೀರು ಬೆರೆಸುವ ಕೈ, ಇವೆಲ್ಲ ಬದನಿಕೆಗಳು. 2020ರ ಜನವರಿಯಲ್ಲಿ ಬೆಂಗಳೂರಿನ ಒಂದು ಸಹಕಾರಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿತು. ಠೇವಣಿದಾರರು 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿರಲಿಲ್ಲ. ಪಿಂಚಣಿಯ ಹಣ ಇಟ್ಟ ವೃದ್ಧರು ಬೀದಿಯಲ್ಲಿ ನಿಂತರು. ಸಹಕಾರವೆಂಬ ಹೆಸರೇ ಯಾರನ್ನೂ ಕಾಯುವುದಿಲ್ಲ.

ಆದ್ದರಿಂದ ಮೂರು ಮಾತನ್ನು ಗಂಟು ಹಾಕಿಕೊಳ್ಳಿ. ಮೊದಲನೆಯದು, ಪರಿಹಾರದ ಹಣ ಬಂದರೆ ಅದು ಸಂಬಳವಲ್ಲ, ನಿಮ್ಮ ಹಿರಿಯರ ಹೊಲ. ಮದುವೆಯ ಮೆರವಣಿಗೆಯಲ್ಲಿ ಹೊಲವನ್ನು ಸುಡಬೇಡಿ. ಬ್ಯಾಂಕಿನಲ್ಲಿ ಇಟ್ಟ ಠೇವಣಿಗೆ 2020ರ ಫೆಬ್ರವರಿಯಿಂದ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ವಿಮೆಯಿದೆ; ಲೈಸೆನ್ಸ್ ಪಡೆದ ಸಹಕಾರಿ ಬ್ಯಾಂಕಿಗೂ ಇದೆ. ಊರಿನ ಪತ್ತಿನ ಸೊಸೈಟಿಗಳಿಗೆ ಆ ವಿಮೆಯಿಲ್ಲ. ಇದನ್ನು ತಿಳಿದು, ಹಂಚಿ ಇಡಿ.

ಎರಡನೆಯದು, ಸಾಲ ಬೇಕಾದಾಗ ಮೊದಲು ಸಂಘದ ಬಾಗಿಲಿಗೆ ಹೋಗಿ. ವಾರಕ್ಕೊಮ್ಮೆ ಬಂದು ಮನೆಯ ಮುಂದೆ ಕೂಗಾಡುವವರ ಕಾಟಕ್ಕೆ ನಮ್ಮ ನಾಡಿನಲ್ಲಿ ಎಷ್ಟು ಕುಟುಂಬಗಳು ಊರು ಬಿಟ್ಟವು! ಅದನ್ನು ತಡೆಯಲು 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಹತ್ತು ಸಾವಿರಕ್ಕೆ ಪಕ್ಕದ ಮನೆಯವರು ಕೂಡಿ ನಿಂತಿದ್ದರೆ ಎಷ್ಟೋ ತಾಯಂದಿರು ಆ ಬಲೆಗೆ ಬೀಳುತ್ತಿರಲಿಲ್ಲ.

ಮೂರನೆಯದು, ಸರ್ವಸದಸ್ಯರ ಸಭೆಗೆ ಊಟಕ್ಕಾಗಿ ಮಾತ್ರ ಬರಬೇಡಿ. ಬಂದು ಲೆಕ್ಕ ಕೇಳಿ. ಸಾಲ ಯಾರಿಗೆ ಹೋಯಿತು, ಎಷ್ಟು ಬಾಕಿ ಉಳಿಯಿತು, ಆಡಿಟ್ ಏನು ಹೇಳಿತು, ಈ ಮೂರು ಪ್ರಶ್ನೆ ಸಾಕು. ಕೇಳುವುದು ಅವಿನಯವಲ್ಲ. ಕೇಳದೆ ನಂಬುವುದೇ ತಪ್ಪು. ಆ ತಪ್ಪನ್ನು ನಾವೇ ಮಾಡಿದ್ದೇವೆ.

ಗೇಟಿನ ಮುಂದೆ ನಿಂತ ಹುಡುಗರಿಗೂ ಒಂದು ಮಾತು. ಸಂಬಳದ ದಿನ ಅದರಲ್ಲಿ ಸ್ವಲ್ಪವನ್ನು ಕೂಡಿಸಿ ಇಡಲು ಕಲಿಯಿರಿ. ಹತ್ತು ಜನ ಸೇರಿದರೆ ಒಂದು ಸಂಘಕ್ಕೆ ಬೀಜ ಬಿದ್ದಂತೆ. ಕಾಯಕದಿಂದ ಗಳಿಸಿದ್ದನ್ನು ಕೂಡಿ ಉಳಿಸಿ, ಇಲ್ಲದವನಿಗೆ ನ್ಯಾಯದ ಬಡ್ಡಿಗೆ ಒದಗಿಸುವುದು ಕೂಡ ಒಂದು ಬಗೆಯ ದಾಸೋಹವೇ.

ಈ ಕಟ್ಟಡದ ಮುಂದೆ ಇಂದು ನಾವು ದೀಪ ಹಚ್ಚಿದ್ದೇವೆ, ಒಂದು ಮಾವಿನ ಸಸಿಯನ್ನೂ ನೆಟ್ಟಿದ್ದೇವೆ. ದೀಪ ನಾವು ಹಚ್ಚಿದೆವೆಂದು ನಂಬಬೇಡಿ. ಸಸಿಗೆ ನೀವು ನೀರೆರೆಯುತ್ತೀರೆಂದು ನಂಬಿ ನಾವು ಹೊರಡುತ್ತೇವೆ. ಮುಂದಿನ ವರ್ಷ ಸರ್ವಸದಸ್ಯರ ಸಭೆಯ ದಿನ ಕರೆಯಿರಿ. ಹಿಂದಿನ ಸಾಲಿನಲ್ಲಿ ಕುಳಿತು ಲೆಕ್ಕ ಕೇಳಿ ಹೋಗುತ್ತೇವೆ.

ಸಹಕಾರದ ಮರ ಚಿಗುರಲಿ, ನಿಮ್ಮ ಒಡೆತನ ಉಳಿಯಲಿ, ಸರ್ವರಿಗೂ ಸನ್ಮಂಗಳವಾಗಲಿ.