ನೆಲದಡಿಯ ಗುಟ್ಟು ಬಯಲಾಗುವುದು ಹೇಗೆ?

ಗೌರಿಬಿದನೂರಿನ ಸುತ್ತಮುತ್ತ 1965ರಲ್ಲಿ ಕಂಪನಮಾಪಕಗಳನ್ನು ಎರಡು ಉದ್ದ ಸಾಲುಗಳಲ್ಲಿ ಹೂಡಿದರು. ಭೂಮಿಯ ಯಾವುದೋ ಮೂಲೆಯಲ್ಲಿ ನೆಲದೊಳಗೆ ಯಾರಾದರೂ ಅಣುಬಾಂಬ್ ಸಿಡಿಸಿದರೆ ಅದನ್ನು ಇಲ್ಲಿಂದಲೇ ಪತ್ತೆಹಚ್ಚಬೇಕು, ಅದು ಉದ್ದೇಶ.

ನೆಲದೊಳಗೇ ಏಕೆ? ಮೊದಲೆಲ್ಲ ಬಾಂಬ್ ಪರೀಕ್ಷೆ ಬಯಲಿನಲ್ಲೇ ನಡೆಯುತ್ತಿತ್ತು. ಅದರ ವಿಕಿರಣದ ಧೂಳು ಹುಲ್ಲಿನ ಮೇಲೆ ಬಿತ್ತು, ಹುಲ್ಲಿನಿಂದ ಹಸುವಿನ ಹಾಲಿಗೆ ಬಂತು. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ನಿಮ್ಮಂಥ ಮಕ್ಕಳ ಉದುರಿದ ಹಾಲುಹಲ್ಲುಗಳನ್ನು ಸಂಗ್ರಹಿಸಿ ನೋಡಿದರೆ ಅವುಗಳಲ್ಲೂ ಆ ಧೂಳಿನ ಸ್ಟ್ರಾನ್ಷಿಯಂ-90 ಇತ್ತು! 1963ರ ಒಪ್ಪಂದ ಗಾಳಿ, ನೀರು, ಬಾಹ್ಯಾಕಾಶದ ಪರೀಕ್ಷೆಗಳನ್ನು ನಿಷೇಧಿಸಿತು. ಸಹಿ ಹಾಕಿದ ದೇಶಗಳು ನೆಲದಡಿಗೆ ಇಳಿದವು. ನೆಲದಡಿಯದೂ ಸೇರಿ ಎಲ್ಲ ಪರೀಕ್ಷೆಯೂ ಬೇಡವೆಂಬ ಒಪ್ಪಂದ ಸಹಿಗೆ ಸಿದ್ಧವಾದದ್ದು 1996ರಲ್ಲಿ.

ಆದರೆ ಕದ್ದು ಮಾಡಿದರೆ? ಭೂಮಿ ದಿನವೂ ಎಲ್ಲಾದರೂ ಒಂದೆಡೆ ನಡುಗುತ್ತಲೇ ಇರುತ್ತದೆ. ಭೂಕಂಪವೋ ಬಾಂಬೋ, ತಿಳಿಯುವುದು ಹೇಗೆ? ನಿಮ್ಮ ಎರಡು ಅಂಗೈಗಳನ್ನು ಬಿಗಿಯಾಗಿ ಒತ್ತಿ, ಒಂದನ್ನು ಮುಂದಕ್ಕೆ ಜಾರಿಸಿ. ತಡೆದು ತಡೆದು ಸರಕ್ಕನೆ ಜಾರುತ್ತದಲ್ಲವೇ? ಭೂಕಂಪದಲ್ಲಿ ಬಂಡೆಗಳು ಹೀಗೇ ಜಾರುತ್ತವೆ. ಆಗ ನೆಲವನ್ನು ಅಡ್ಡಡ್ಡಕ್ಕೆ ಅಲುಗಿಸುವ ಅಲೆಗಳು ಜೋರಾಗಿರುತ್ತವೆ. ಬಾಂಬ್ ಹಾಗಲ್ಲ, ಎಲ್ಲ ದಿಕ್ಕಿಗೂ ಒಮ್ಮೆಲೇ ಹೊರಕ್ಕೆ ನೂಕುತ್ತದೆ. ನೂಕುವ ಅಲೆ ಬಲವಾಗಿದ್ದು ಅಡ್ಡ ಅಲೆ ಸಣ್ಣದಾಗಿದ್ದರೆ ವಿಜ್ಞಾನಿಗಳಿಗೆ ಅನುಮಾನ ಬರುತ್ತದೆ.

ಆದರೂ ಸಾಕ್ಷಿ ಪೂರ್ತಿಯಾಗಲಿಲ್ಲ. ಸುರಂಗದಲ್ಲಿ ಸುಣ್ಣಕಲ್ಲು ಒಡೆಯಲು ಮದ್ದು ಸಿಡಿಸಿದರೂ ಅಲೆ ಹೀಗೇ ಬರಬಹುದು. ಅಣುಬಾಂಬೇ ಎಂದು ಖಚಿತಪಡಿಸಲು ನೆರವಾಗುವುದು ಅದು ಸಿಡಿದಾಗ ಹುಟ್ಟುವ ಒಂದು ಅನಿಲ, ವಿಕಿರಣ ಸೂಸುವ ಕ್ಸೆನಾನ್. ಅದು ಬೇರೆ ಧಾತುಗಳ ಜೊತೆ ಸುಲಭವಾಗಿ ಕೂಡುವುದಿಲ್ಲ. ಹಾಗಾಗಿ ಬಂಡೆಗೆ ಅಂಟಿಕೊಳ್ಳದೆ ಬಿರುಕುಗಳಲ್ಲಿ ನುಸುಳಿ ಮೇಲೆ ಬರುತ್ತದೆ. 2006ರ ಅಕ್ಟೋಬರ್ 9ರಂದು ಉತ್ತರ ಕೊರಿಯಾ ನೆಲದಡಿ ಬಾಂಬ್ ಸಿಡಿಸಿತು. ಸುಮಾರು ಎರಡು ವಾರದ ಮೇಲೆ, 7,500 ಕಿ.ಮೀ. ದೂರದ ಕೆನಡಾದ ಯೆಲ್ಲೋನೈಫ್‌ನಲ್ಲಿ ಗಾಳಿಯನ್ನು ಸೋಸಿದಾಗ ಕ್ಸೆನಾನ್-133 ಸಿಕ್ಕಿತು. ಇದು ಐದು ದಿನಕ್ಕೆ ಸುಮಾರು ಅರ್ಧ ಕರಗಿಹೋಗುತ್ತದೆ. ಎರಡು ವಾರಕ್ಕೆ ಎಷ್ಟು ಉಳಿದೀತು, ನೀವೇ ಲೆಕ್ಕ ಹಾಕಿ. ಅಷ್ಟು ಸ್ವಲ್ಪವನ್ನೂ ಹಿಡಿದರಲ್ಲ, ನನಗೆ ಇದು ಬಹಳ ದೊಡ್ಡ ಕೆಲಸವೆನಿಸುತ್ತದೆ.

ಇಂಥ 337 ಕೇಂದ್ರ ಮತ್ತು ಪ್ರಯೋಗಾಲಯಗಳ ಜಾಲವನ್ನು 1996ರ ಒಪ್ಪಂದಕ್ಕಾಗಿಯೇ ಇರುವ ವಿಯೆನ್ನಾದ ಸಂಸ್ಥೆ ಯೋಜಿಸಿದೆ. 300ಕ್ಕೂ ಹೆಚ್ಚು ಸಿದ್ಧವಾಗಿವೆ. ಕೆಲವು ಸಮುದ್ರದ ಸದ್ದು ಕೇಳುತ್ತವೆ, ಕೆಲವು ನಮ್ಮ ಕಿವಿಗೆ ಕೇಳದ ಗಾಳಿಯ ಸದ್ದನ್ನು.

ಇಷ್ಟಾದರೂ ಆ ಒಪ್ಪಂದ ಜಾರಿಗೆ ಬಂದಿಲ್ಲ. ಗೊತ್ತುಪಡಿಸಿದ 44 ದೇಶಗಳೂ ಅದನ್ನು ಅಂಗೀಕರಿಸಬೇಕು. ಭಾರತ, ಪಾಕಿಸ್ತಾನ, ಉತ್ತರ ಕೊರಿಯಾ ಸಹಿಯನ್ನೇ ಹಾಕಿಲ್ಲ. ಅಮೆರಿಕ, ಚೀನಾ ಸಹಿ ಹಾಕಿಯೂ ಅಂಗೀಕರಿಸಿಲ್ಲ. ರಷ್ಯಾ ತನ್ನ ಅಂಗೀಕಾರವನ್ನು 2023ರಲ್ಲಿ ಹಿಂದಕ್ಕೆ ಪಡೆಯಿತು. ಜಾರಿಯಾದರೆ, ಅನುಮಾನ ಬಂದ ಜಾಗಕ್ಕೇ ಪರಿಶೀಲಕರು ಹೋಗಬಹುದು. ಬಾಂಬಿನ ನ್ಯೂಟ್ರಾನ್‌ಗಳು ಬಂಡೆಯ ಕ್ಯಾಲ್ಸಿಯಂಗೆ ಬಡಿದಾಗ ಆರ್ಗಾನ್-37 ಹುಟ್ಟುತ್ತದೆ. ಅದು ಅರ್ಧವಾಗಲು 35 ದಿನ ಬೇಕು. ಮಣ್ಣಿನೊಳಗಿನ ಗಾಳಿಯನ್ನು ಹೀರಿ ಅದನ್ನು ಹುಡುಕುವ ತಾಲೀಮನ್ನು 2014ರಲ್ಲೇ ಜೋರ್ಡಾನ್‌ನಲ್ಲಿ ಮಾಡಿದ್ದಾರೆ. ಉಪಕರಣಗಳಿವೆ, ಕಲಿತವರಿದ್ದಾರೆ, ಬೇಕಾಗಿರುವುದು ಆ ದೇಶಗಳ ಒಪ್ಪಿಗೆ.