ಮೆಕ್ಕೆಜೋಳದ ಮೊಳಕೆಯೂ ಕ್ರಿಯಾಶೀಲ ಆಮ್ಲಜನಕವೂ



ದಾವಣಗೆರೆ, ಹಾವೇರಿಗಳ ಹೊಲಗಳಲ್ಲಿ ಮುಂಗಾರಿನ ಮೊದಲ ಹದಕ್ಕೆ ಬಿತ್ತಿದ ಮೆಕ್ಕೆಜೋಳದ ಕಾಳು ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ನೀರನ್ನು ಹೀರಿಕೊಂಡೊಡನೆ, ಅದುವರೆಗೆ ಸುಪ್ತವಾಗಿದ್ದ ಭ್ರೂಣದ ಮೈಟೊಕಾಂಡ್ರಿಯಗಳು ಉಸಿರಾಟವನ್ನಾರಂಭಿಸುತ್ತವೆ. ಆ ಉಸಿರಾಟದಲ್ಲಿ ಆಮ್ಲಜನಕದ ಬಹುಭಾಗವು ನೀರಾಗಿ ಪರಿಣಮಿಸಿದರೂ, ಅಲ್ಪಾಂಶವು ಅರ್ಧದಾರಿಯಲ್ಲಿಯೇ ಸೂಪರಾಕ್ಸೈಡ್ ಆಗಿ, ಅದು ಹೈಡ್ರೊಜನ್ ಪೆರಾಕ್ಸೈಡಾಗಿ, ಕಬ್ಬಿಣದ ಅಯಾನುಗಳ ಸಂಪರ್ಕದಲ್ಲಿ ಅತ್ಯುಗ್ರವಾದ ಹೈಡ್ರಾಕ್ಸಿಲ್ ರೂಪವನ್ನು ತಾಳುತ್ತದೆ. ಕ್ರಿಯಾಶೀಲ ಆಮ್ಲಜನಕವೆಂದು ನಾವು ಕರೆಯುವುದು ಈ ಬಳಗವನ್ನೇ.

1969ರಲ್ಲಿ ಮೆಕಾರ್ಡ್ ಮತ್ತು ಫ್ರಿಡೊವಿಚ್ ಎಂಬ ವಿಜ್ಞಾನಿಗಳು ಸೂಪರಾಕ್ಸೈಡನ್ನು ನಿವಾರಿಸತಕ್ಕ ಕಿಣ್ವವನ್ನು ಕಂಡುಹಿಡಿದ ಮೇಲೆ ಬಹುಕಾಲ ಕ್ರಿಯಾಶೀಲ ಆಮ್ಲಜನಕದ ಈ ರೂಪಗಳನ್ನು ಕೇವಲ ವಿಷವೆಂದು ಎಣಿಸಲಾಗುತ್ತಿತ್ತು. ಆದರೆ ನೆನೆದ ಕಾಳೊಂದನ್ನು ಉದ್ದಕ್ಕೆ ಸೀಳಿ, ಸೂಪರಾಕ್ಸೈಡ್ ಇರುವಲ್ಲಿ ನೀಲಿಯಾಗುವ ನೈಟ್ರೊಬ್ಲೂ ಟೆಟ್ರಜೋಲಿಯಂ ದ್ರಾವಣದಲ್ಲಿ ಅದ್ದಿಟ್ಟರೆ, ಪಿಷ್ಟತುಂಬಿದ ಭಾಗವು ಬಹುಮಟ್ಟಿಗೆ ಬಿಳಿದಾಗಿಯೇ ಉಳಿದು, ಭ್ರೂಣವು, ಅದರಲ್ಲಿಯೂ ನೀಳವಾಗಲು ಸಿದ್ಧವಾದ ಬೇರಿನ ಭಾಗವು, ಗಾಢನೀಲಿಯಾಗುವುದನ್ನು ಕಾಣಬಹುದು. ಬೆಳವಣಿಗೆ ಎಲ್ಲಿಯೋ ಸೂಪರಾಕ್ಸೈಡೂ ಅಲ್ಲಿಯೇ. ಮೆಕ್ಕೆಜೋಳದ ಬೇರಿನಲ್ಲಿ ಹೈಡ್ರಾಕ್ಸಿಲ್ ಕೋಶಭಿತ್ತಿಯ ಬಿಗಿತವನ್ನು ಸಡಿಲಿಸಿ ಬೇರು ನೀಳವಾಗಲು ಎಡೆಮಾಡಿಕೊಡುತ್ತದೆಯೆಂದೂ, ಅದನ್ನು ಹೀರುವ ರಾಸಾಯನಿಕಗಳಿಂದ ಬೆಳವಣಿಗೆಯು ಕುಗ್ಗುತ್ತದೆಯೆಂದೂ ಜರ್ಮನಿಯ ಷೊಫರ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಹೈಡ್ರೊಜನ್ ಪೆರಾಕ್ಸೈಡಾದರೋ, ಮೊಳಕೆಯನ್ನು ತಡೆಹಿಡಿಯುವ ಅಬ್ಸಿಸಿಕ್ ಆಮ್ಲದ ವಿಘಟನೆಗೆ ನೆರವಾಗಿ, ಮೊಳಕೆಯನ್ನು ಪ್ರೇರಿಸುವ ಜಿಬ್ಬರೆಲಿನ್‌ನ ಕಾರ್ಯಕ್ಕೆ ದಾರಿಮಾಡಿಕೊಡುತ್ತದೆ. ಆದುದರಿಂದ ಇವು ತೀರ ಕಡಿಮೆಯಾದರೆ ಬೀಜವು ಏಳದು, ಮಿತಿಮೀರಿದರೆ ಉಳಿಯದು.

ಸಂಕಷ್ಟದ ಕಾಲದಲ್ಲಿ ಕೆಡುವುದು ಈ ಮಿತಿಯೇ. ನೆಲದ ತೇವ ಆರಿದಾಗಲೂ, ಮಣ್ಣು ಉಪ್ಪಾದಾಗಲೂ, ಚಳಿ ಹೆಚ್ಚಿದಾಗಲೂ ಉಸಿರಾಟದ ಸರಪಣಿಯು ಅಸ್ತವ್ಯಸ್ತವಾಗಿ ಸೂಪರಾಕ್ಸೈಡ್ ಅಧಿಕವಾಗುತ್ತದೆ. ಅದರಿಂದ ಹುಟ್ಟುವ ಪೆರಾಕ್ಸೈಡನ್ನು ಒಡೆಯುವ ಕೆಟಲೇಸ್ ಮೊದಲಾದ ರಕ್ಷಕ ಕಿಣ್ವಗಳು ಈ ಹೆಚ್ಚಳದ ಸಮಕ್ಕೆ ಬಾರದಿದ್ದರೆ ಕೋಶಪೊರೆಗಳ ಕೊಬ್ಬು ಮುಗ್ಗಿ, ಒಳಗಿನ ಲವಣ ಸಕ್ಕರೆಗಳು ಹೊರಗೆ ಸೋರಿಹೋಗುತ್ತವೆ. ಈ ಸಂದರ್ಭದಲ್ಲಿ 1994ರಲ್ಲಿ ಅಮೆರಿಕದ ಐಯೊವಾದಲ್ಲಿ ಪ್ರಸಾದ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗವನ್ನು ಸ್ಮರಿಸದೆ ಮುಂದೆ ಹೋಗಲಾರೆನು. ಕತ್ತಲೆಯಲ್ಲಿ ಬೆಳೆದ ಮೂರು ದಿನದ ಮೆಕ್ಕೆಜೋಳದ ಸಸಿಗಳನ್ನು ನೇರವಾಗಿ 4 ಡಿಗ್ರಿ ಸೆಲ್ಸಿಯಸ್ ಚಳಿಗೆ ಒಡ್ಡಿದರೆ ಅವು ನಾಶವಾಗುತ್ತಿದ್ದುವು; ಮೊದಲು 14 ಡಿಗ್ರಿಯಲ್ಲಿ ಇರಿಸಿ ರೂಢಿಮಾಡಿಸಿದವು ಬದುಕಿದುವು. ಚಳಿಯ ರೂಢಿಯೇ ಇಲ್ಲದೆ, 27 ಡಿಗ್ರಿಯ ಬೆಚ್ಚಗಿನ ಸ್ಥಿತಿಯಲ್ಲಿಯೇ, ಅಲ್ಪ ಹೈಡ್ರೊಜನ್ ಪೆರಾಕ್ಸೈಡನ್ನು ಉಣಿಸಿದ ಸಸಿಗಳೂ ಅದೇ ಸಹನಶಕ್ತಿಯನ್ನು ಪಡೆದುವು! ಮೊದಲಿಗೆ ಕ್ಷಣಕಾಲ ಏರಿದ ಪೆರಾಕ್ಸೈಡ್ ರಕ್ಷಕ ಕಿಣ್ವಗಳನ್ನು ಎಬ್ಬಿಸುವ ಸಂದೇಶವಾಗಿತ್ತು. ಮುನ್ಸೂಚನೆಯಿಲ್ಲದೆ ರಾಶಿಗೂಡಿದಾಗ ಅದೇ ವಸ್ತುವು ಮಾರಕವಾಗಿತ್ತು. ಪ್ರಮಾಣಕ್ಕಿಂತಲೂ ಕಾಲಕ್ರಮವು ಮುಖ್ಯವೆಂಬುದನ್ನು ಇಷ್ಟು ನಿಚ್ಚಳವಾಗಿ ತೋರಿದ ಪ್ರಯೋಗಗಳು ವಿರಳವೆಂದು ನನ್ನ ಅಭಿಪ್ರಾಯ.

ರೈತನಿಗೆ ಇದರಿಂದ ಒದಗುವುದೇನು? ಮೆಕ್ಕೆಜೋಳದ ಎಣ್ಣೆಯ ಬಹುಭಾಗವು ಭ್ರೂಣದಲ್ಲಿಯೇ ಇರುವುದರಿಂದ, ಸೆಕೆ ತೇವಗಳ ಉಗ್ರಾಣದಲ್ಲಿ ಬಿದ್ದಿರುವ ಕಾಳು ಬಿತ್ತುವ ಮೊದಲೇ ಉತ್ಕರ್ಷಣದ ಪೆಟ್ಟನ್ನು ತಿಂದಿರುತ್ತದೆ; ಅಂತಹ ಬೀಜವು ಬೆಚ್ಚಗಿನ ಪರೀಕ್ಷಾಗಾರದಲ್ಲಿ ಚೆನ್ನಾಗಿ ಮೊಳೆತರೂ ಕಷ್ಟದ ಹೊಲದಲ್ಲಿ ಸೋಲುವುದುಂಟು. ಹಸಿಮಣ್ಣಿನಲ್ಲಿ 10 ಡಿಗ್ರಿಯ ತಂಪಿನಲ್ಲಿ ಏಳು ದಿನವಿರಿಸಿ ಅನಂತರ 25 ಡಿಗ್ರಿಗೆ ತರುವ ಶೀತಪರೀಕ್ಷೆಯು ಬೀಜದ ನಿಜವಾದ ಕಸುವನ್ನು ಬಯಲಿಗೆಳೆಯುತ್ತದೆ. ಔಷಧ ಲೇಪಿಸದ ಮನೆಬೀಜವನ್ನು ರಾತ್ರಿ ನೆನೆಹಾಕಿ, ನೆರಳಿನಲ್ಲಿ ಆರಿಸಿ ಬಿತ್ತುವುದೂ ಮೊಳಕೆಯನ್ನು ತ್ವರೆಗೊಳಿಸಿ ರಕ್ಷಕ ಕಿಣ್ವಗಳನ್ನು ಮುಂಚಿತವಾಗಿ ಎಚ್ಚರಿಸತಕ್ಕ ಸುಲಭೋಪಾಯ. ಬೀಜದ ಚೀಲದ ಮೇಲೆ ಮೊಳೆಯುವ ಪ್ರಮಾಣದೊಡನೆ ಶೀತಪರೀಕ್ಷೆಯ ಫಲವನ್ನೂ ಅಚ್ಚುಹಾಕಬೇಕೆಂದು ಬೀಜೋತ್ಪಾದಕರನ್ನೂ ಕೃಷಿ ಇಲಾಖೆಯನ್ನೂ ಈ ವೇದಿಕೆಯಿಂದ ವಿನಯಪೂರ್ವಕವಾಗಿ ಪ್ರಾರ್ಥಿಸುತ್ತೇನೆ.